ಬ್ಯಾಡಗಿಯ ಮಾಳಿಗೆಯಲ್ಲಿ ಮಿಂಚು ಕಾಯುತ್ತಾ

ಬ್ಯಾಡಗಿ ನಿಲ್ದಾಣದಲ್ಲಿ ರೈಲಿಳಿದು, ಚೀಲಗಳನ್ನೂ ಕ್ಯಾಮೆರಾ ಸ್ಟ್ಯಾಂಡನ್ನೂ ಕೆಳಗಿಡುವಷ್ಟರಲ್ಲಿ ನನಗೆ ಸೀನು ಹತ್ತಿತು. ನಿಲ್ಲುವ ಸೀನಲ್ಲ ಅದು. ಗಾಳಿಯಲ್ಲೇ ಮೆಣಸಿನಕಾಯಿಯ ಘಾಟು. ಕಣ್ಣು ಮೂಗು ಒಂದಾಗಿ ಸುರಿಯುತ್ತಿದ್ದಾಗ ಬೆಂಚಿನ ಮೇಲೆ ಕೂತಿದ್ದ ಅಜ್ಜನೊಬ್ಬ ಕೇಳಿದ: "ಹೊಸಬ್ರ ಏನ್ರಿ? ಯಾರ ಮನಿಗೆ ಬಂದೀರಿ?" ಇಡೀ ಪ್ಲಾಟ್‌ಫಾರಂನಲ್ಲಿ ಸೀನುತ್ತಿದ್ದವಳು ನಾನೊಬ್ಬಳೇ. ಯಾರ ಮನೆಗೂ ಬಂದಿರಲಿಲ್ಲ, ಮೂಗೊರೆಸಿಕೊಂಡು ಚೀಲ ಎತ್ತಿಕೊಂಡೆ.

ಕುಂದಾಪುರದ ಕಡೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮೀನುಸಾರಿಗೆ ಆ ಬಣ್ಣ ಕೊಡುವ ಮೆಣಸು ಡಬ್ಬಿಯಲ್ಲಿ ಹುಟ್ಟುವುದಲ್ಲ ಮಾರಾಯ್ರೆ, ಅದಕ್ಕೊಂದು ಊರಿದೆ. ಆ ಊರಿನ ಹತ್ತಿರ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನಗೆ ಕೆಲಸ. ದಿನವಿಡೀ ಗಾಜಿನ ನಳಿಗೆಗಳಲ್ಲಿ ಕೆಂಪು ಅಳೆಯುತ್ತೇನೆ. ಕಳಿಸುವಾಗ ಕಂಪನಿಯವರು ಹೇಳಿದ್ದರು, ಒಂದು ವರ್ಷ ನೋಡಿ, ಒಗ್ಗದಿದ್ದರೆ ಮಂಗಳೂರಿಗೇ ವಾಪಸು ಬನ್ನಿ ಎಂದು. ಇರುತ್ತೇನೋ ಹೊರಡುತ್ತೇನೋ ಎಂಬುದನ್ನು ಮಾರ್ಚ್ ಮುಗಿಯುವುದರೊಳಗೆ ತಿಳಿಸಬೇಕಿತ್ತು.

ಮನೆ ಸಿಕ್ಕಿದ್ದು ಹಸೀನಾ ಚಾಚಿಯವರ ಮಾಳಿಗೆಯ ಮೇಲಿನ ಕೋಣೆ. ಚಾಚಿ ಎಂದರೆ ಚಿಕ್ಕಮ್ಮ, ಓಣಿಯ ಎಲ್ಲ ಜಾತಿಯವರೂ ಅವರನ್ನು ಹಾಗೆಯೇ ಕರೆಯುತ್ತಾರೆ. ಅವರ ಗಂಡ, ಇಬ್ಬರು ಗಂಡುಮಕ್ಕಳು ರೈತರಿಂದ ಹಸಿ ಕಾಯಿ ಕೊಂಡು, ಮನೆಯ ಹಿಂದಿನ ಕಣದಲ್ಲಿ ಒಣಗಿಸಿ ಮಾರುತ್ತಾರೆ. ತಮ್ಮೊಳಗೆ ಉರ್ದು, ನನ್ನೊಡನೆ ಕನ್ನಡ. ಆ ಕನ್ನಡವೂ ಮೊದಮೊದಲು ನನಗೆ ಅರ್ಧವೇ ದಕ್ಕುತ್ತಿತ್ತು, ನನ್ನದು ಅವರಿಗೆ ಕಾಲು. ನನ್ನನ್ನು ಅವರು 'ಬಾಯಾರ' ಎನ್ನುತ್ತಿದ್ದರು. ಓದಿದ ಹೆಂಗಸಿಗೆ ಇಲ್ಲಿಯವರು ಕೊಡುವ ಮರ್ಯಾದೆ ಅದು. ಮರ್ಯಾದೆ ಕೊಟ್ಟು ಹೊಸ್ತಿಲಾಚೆ ಕೂರಿಸಿದ ಹಾಗೆ ನನಗೆ ಅನ್ನಿಸುತ್ತಿತ್ತು.

ರೊಟ್ಟಿ ಒಗ್ಗಿತು, ಶೇಂಗಾ ಚಟ್ನಿಯಂತೂ ಬೇಗ ಒಗ್ಗಿತು. ಸಂಜೆ ಒಗ್ಗಲಿಲ್ಲ. ನಮ್ಮಲ್ಲಿ ಸಂಜೆಗೆ ಸಮುದ್ರದ ಸದ್ದಾದರೂ ಜೊತೆಗಿರುತ್ತದೆ. ಇಲ್ಲಿ ಕೋಣೆಯ ಬಾಗಿಲು ಹಾಕಿದರೆ ನನ್ನ ತಟ್ಟೆಯ ಸದ್ದು ನನಗೇ ಕೇಳುತ್ತಿತ್ತು. ಫೋನಿನಲ್ಲಿ ಅಮ್ಮನಿಗೆ "ಆರಾಮಿದ್ದೇನೆ" ಎಂದು ಹೇಳಿ ಇಟ್ಟಮೇಲೆ ಎಷ್ಟೋ ಸಲ ಅತ್ತಿದ್ದೇನೆ.

ಒಂದು ಆದಿತ್ಯವಾರ, ನೀರು ಕಂಡರೆ ಊರು ಕಂಡಷ್ಟೇ ಸಮಾಧಾನವಾದೀತೆಂದು ರಾಣೆಬೆನ್ನೂರಿನ ಮೇಲೆ ಮೇಡ್ಲೇರಿಗೆ ಹೋದೆ. ತುಂಗಭದ್ರೆ ತನ್ನ ಪಾಡಿಗೆ ಹರಿಯುತ್ತಿತ್ತು. ಅಲೆಯಿಲ್ಲ, ಉಪ್ಪಿನ ವಾಸನೆಯಿಲ್ಲ. ಮುಖ ಸಪ್ಪೆ ಮಾಡಿಕೊಂಡು ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಅದನ್ನು ಕಂಡೆ: ದೂರದ ಹೊಲಗಳಾಚೆ ಒಂದೇ ಮೋಡ, ಅದರ ತಲೆಯಿಂದ ನೆಲದವರೆಗೆ ಬಿಡಿಬಿಡಿಯಾಗಿ ಇಳಿಯುತ್ತಿದ್ದ ಮಿಂಚು. ನಮ್ಮೂರಲ್ಲಿ ಆಕಾಶ ತೆಂಗಿನ ಗರಿಗಳ ನಡುವೆ ಚೂರುಚೂರಾಗಿ ಕಾಣುತ್ತದೆ. ಮಿಂಚೆಂದರೆ ಅಂಗಳ ಒಮ್ಮೆ ಬೆಳ್ಳಗಾಗುವುದು, ಅಷ್ಟೇ. ಮಿಂಚಿಗೂ ಬೇರು ಕೊಂಬೆಗಳಿರುವುದನ್ನು ನಾನು ನೋಡಿದ್ದು ಆ ಬಸ್ಸಿನಲ್ಲೇ.

ಅಂದಿನಿಂದ ಮೋಡ ಕಂಡರೆ ನಾನು ಮಾಳಿಗೆಯಲ್ಲಿ. ಮೆಟ್ಟಿಲ ಮೇಲಿನ ಸೂರಿನಡಿ ಸ್ಟ್ಯಾಂಡು ನಿಲ್ಲಿಸುತ್ತಿದ್ದೆ. ಮಿಂಚು ಕಂಡಮೇಲೆ ಗುಂಡಿ ಒತ್ತಿದರೆ ಸಿಗುವುದು ಬರೀ ಕತ್ತಲೆ. ಮೊದಲೇ ಕ್ಯಾಮೆರಾದ ಕಣ್ಣು ತೆರೆದಿಟ್ಟು ಅರ್ಧ ನಿಮಿಷದವರೆಗೂ ಕಾಯಬೇಕು. ಆ ಹೊತ್ತಿನಲ್ಲಿ ಬಂದರೆ ಬಂತು, ಬಾರದಿದ್ದರೆ ಇನ್ನೊಂದು ಸಲ. ಗುಂಡಿಯನ್ನು ಒತ್ತಿದಲ್ಲೇ ಸಿಕ್ಕಿಸಿಟ್ಟರೆ ಅದೇ ಒಂದಾದ ಮೇಲೊಂದು ತೆಗೆಯುತ್ತಾ ಹೋಗುತ್ತದೆ, ನಾವು ಸುಮ್ಮನೆ ನಿಂತರಾಯಿತು. ಒಂಟಿಯಾಗಿರುವವರಿಗೆಂದೇ ಹೇಳಿ ಮಾಡಿಸಿದ ಕೆಲಸ. ಗುಡುಗಿದಾಗ ಇಲ್ಲಿ ಕರೆಂಟು ತೆಗೆಯುತ್ತಾರೆ. ಊರೆಲ್ಲ ಬೈಯುವಾಗ ನಾನೊಬ್ಬಳು ಖುಷಿಪಡುತ್ತಿದ್ದೆ, ಬೀದಿದೀಪವಿಲ್ಲದಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆಂದು.

"ಬಾಯಾರ, ಸಿಡ್ಲು ಬಡದ್ರ ನಿಮ್ಮ ಅವ್ವಗ ನಾ ಏನಂತ ಹೇಳ್ಲಿ? ಇಳದ್ ಬರ್ರಿ ಕೆಳಗ!" ಎಂದು ಚಾಚಿ ಕೆಳಗಿನಿಂದ ಕೂಗುತ್ತಿದ್ದರು. ನಾನು ನಕ್ಕು ಅಲ್ಲೇ ನಿಲ್ಲುತ್ತಿದ್ದೆ.

ಈಗ ಆ ಸಂಜೆಯ ವಿಷಯ. ಮಾರ್ಚ್ ತಿಂಗಳು, ರಂಜಾನಿನ ಉಪವಾಸ. ಕಣದ ತುಂಬ ಕೆಂಪು ಕಾಯಿ ಹರಡಿತ್ತು, ಮನೆಯ ಇಡೀ ವರ್ಷ ಆ ಕಣದ ಮೇಲಿತ್ತು. ಒಣಗಿದ ಕಾಯಿಗೆ ನೀರು ಸೋಕಿದರೆ ಕಪ್ಪಾಗುತ್ತದೆ, ಕಪ್ಪಾದದ್ದನ್ನು ಯಾರೂ ಮೂಸುವುದಿಲ್ಲ. ನನಗದು ಪ್ರಯೋಗಾಲಯದಿಂದಲೇ ಗೊತ್ತು. ರಾಣೆಬೆನ್ನೂರಿನ ಕಡೆ ಮೋಡ ಎದ್ದು ಮಿಂಚತೊಡಗಿತು. ಕ್ಯಾಮೆರಾ ಹಚ್ಚಿ ನಿಂತಿದ್ದೆ. ಮಸೀದಿಯಲ್ಲಿ ಆಜಾನ್ ಆಗಿ, ಉಪವಾಸ ಬಿಡಲು ಕೆಳಗೆ ಎಲ್ಲರೂ ಸುಪ್ರದ ಸುತ್ತ ಕೂತಿದ್ದರು. ಸುಪ್ರ ಎಂದರೆ ಊಟಕ್ಕೆ ಹಾಸುವ ಬಟ್ಟೆ. ಅಷ್ಟರಲ್ಲಿ ಒಮ್ಮೆಲೇ ತಣ್ಣನೆ ಗಾಳಿ ಬೀಸಿತು.

ಕರಾವಳಿಯಲ್ಲಿ ಹುಟ್ಟಿದವರಿಗೆ ಆ ಗಾಳಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗುಡುಗು ಕೇಳಿ ಗಾಳಿ ತಣ್ಣಗಾಯಿತೆಂದರೆ ಬಟ್ಟೆ ತೆಗೆಯುವುದಕ್ಕೂ ಪುರಸೊತ್ತಿಲ್ಲ. ನಾನು ಕ್ಯಾಮೆರಾ ಅಲ್ಲೇ ಬಿಟ್ಟು ಮೆಟ್ಟಿಲಿಳಿಯುತ್ತಾ ಕಿರುಚಿದೆ: "ಚಾಚೀ, ಮಳೆ! ಮಳೆ ಬಂತು!"

ಬೆಳಗಿನಿಂದ ಹನಿ ನೀರು ಕುಡಿಯದವರು, ಬಾಯಿಗಿಟ್ಟ ಖರ್ಜೂರ ಬಾಯಲ್ಲಿರುವಂತೆಯೇ ಎದ್ದು ಓಡಿದರು. ಅಕ್ಕಪಕ್ಕದ ಮನೆಯವರೂ ಓಡಿ ಬಂದರು. ಕರೆಂಟು ಹೋಯಿತು. ಬ್ಯಾಟರಿಯ ಬೆಳಕಿನಲ್ಲಿ ಕಾಯಿ ಗುಡ್ಡೆ ಹಾಕಿ, ತಾಡಪತ್ರಿ ಎಳೆದು, ಅಂಚಿಗೆ ಕಲ್ಲು ಹೇರಿದೆವು. ನಾನೂ ಎಳೆದೆ. ಕೈಯೆಲ್ಲ ಉರಿ. ಓಣಿಯ ಬೇರೆ ಕಣಗಳಲ್ಲೂ ಅದೇ ಗದ್ದಲ.

ಆಮೇಲೆ ಎಲ್ಲರೂ ಆಕಾಶ ನೋಡುತ್ತಾ ನಿಂತೆವು. ಒಂದು ಹನಿಯೂ ಬೀಳಲಿಲ್ಲ. ಮೋಡ ಮಿಂಚುತ್ತಾ ಆಚೆ ಕಡೆ ಸರಿದು ಹೋಯಿತು. ಇಲ್ಲಿ ಎಷ್ಟೋ ಸಂಜೆ ಹೀಗೆಯೇ, ಗುಡುಗಿ, ಗಾಳಿ ಬೀಸಿ, ಮಳೆಯಿಲ್ಲದೆ ಮುಗಿಯುತ್ತದೆ. ಈ ಊರಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ ಅದು.

"ಮಳಿ ಎಲ್ಲೈತ್ರಿ ಬಾಯಾರ?" ಎಂದರು ಚಾಚಿಯ ಗಂಡ. ಸಿಟ್ಟಿನಿಂದಲ್ಲ, ದಣಿದು. ಅದೇ ನನಗೆ ಹೆಚ್ಚು ನಾಟಿತು. ಉಪವಾಸವಿದ್ದವರನ್ನು ತಟ್ಟೆಯ ಮುಂದಿನಿಂದ ಎಬ್ಬಿಸಿ ಓಡಿಸಿದ್ದೆ. ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಮಂಗಳೂರಿಗೇ ಹೋಗುತ್ತೇನೆಂದು ನಾಳೆಯೇ ತಿಳಿಸಿಬಿಡೋಣ ಎಂದು ನಿಶ್ಚಯವೂ ಆಯಿತು. ಈ ಊರಿನ ಗಾಳಿ ಕೂಡ ನನಗೆ ಅರ್ಥವಾಗುವುದಿಲ್ಲ, ಇನ್ನು ಮನುಷ್ಯರು?

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಚಾಚಿ ತಟ್ಟೆಯಲ್ಲಿ ಭಜಿ, ಕಲ್ಲಂಗಡಿ ಹಿಡಿದು ನಿಂತಿದ್ದರು.

"ಯಾಕ ಬಾಗ್ಲಾ ಹಾಕೀರಿ? ಎಲ್ಲಾರನ್ನೂ ಓಡ್ಸಿ ತಾವು ಉಪಾಸ ಮಲಗೂದ ಏನ್?"

"ನಿಮ್ಮನ್ನೆಲ್ಲ ಸುಮ್ಮನೆ ಓಡಿಸಿದೆ, ಚಾಚಿ."

"ಸುಮ್ನ ಯಾಕಾದೀತು? ಹೋದ ವರ್ಸ ಖರೇನ ಮಳಿ ಬಂದಾಗ ಒಬ್ರೂ ಕೂಗ್ಲಿಲ್ಲ. ಅರ್ಧಾ ಕಣ ಕಪ್ಪಾತು." ತಟ್ಟೆ ಕೈಗೆ ಕೊಟ್ಟು, "ನಿಮ್ಮ ಫೋಟೋ ಏನಾತು? ತೋರ್ಸ್ರಿ," ಎಂದು ಅಲ್ಲೇ ಕೂತರು.

ನಾನು ಬಿಟ್ಟು ಓಡಿದಮೇಲೂ ಕ್ಯಾಮೆರಾ ತನ್ನಷ್ಟಕ್ಕೇ ತೆಗೆಯುತ್ತಲೇ ಇತ್ತು. ಒಂದು ಚಿತ್ರದಲ್ಲಿ ಮೇಲೆ ಕವಲೊಡೆದ ಮಿಂಚು, ಕೆಳಗೆ ಕಣದ ತುಂಬ ಬ್ಯಾಟರಿ ಬೆಳಕಿನ ಗೀಟುಗಳು. ಮನುಷ್ಯರು ಒಬ್ಬರೂ ಇಲ್ಲ. ಇಷ್ಟು ಹೊತ್ತು ಕಣ್ಣು ತೆರೆದಿಟ್ಟರೆ ಓಡಾಡುವವರು ಮೂಡುವುದಿಲ್ಲವೆಂದು ವಿವರಿಸಿದೆ.

"ದುಡದವ್ರು ಒಬ್ರೂ ಇಲ್ಲ, ಬೆಳಕ ಅಷ್ಟ ಉಳದೈತಿ," ಎಂದು ನಕ್ಕರು. "ಇದರಾಗ ನಿಮ್ಮ ಬ್ಯಾಟ್ರಿ ಯಾವ್ದ್ರಿ?"

ಹುಡುಕಿದೆವು, ಗೊತ್ತಾಗಲಿಲ್ಲ. ನನಗೆ ಯಾಕೋ ಬಹಳ ಹಿತವಾಯಿತು. ಇನ್ನೊಂದು ವರ್ಷ ಇರುತ್ತೇನೆಂದು ಮರುದಿನ ಕಂಪನಿಗೆ ತಿಳಿಸಿದೆ.

ಅಷ್ಟಕ್ಕೇ ಒಂಟಿತನ ಓಡಿಹೋಯಿತೆಂದರೆ ಸುಳ್ಳಾದೀತು. ತಟ್ಟೆಯ ಸದ್ದು ಈಗಲೂ ಕೇಳುತ್ತದೆ. ಆದರೆ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಓಣಿಯವರು ಚಾಷ್ಟಿ ಮಾಡುತ್ತಾರೆ: "ಬಾಯಾರ, ಇವತ್ತ ಎಷ್ಟೊತ್ತಿಗೆ ಓಡೂದೈತ್ರಿ?" ಕಾಲೆಳೆಯುವಷ್ಟಾದರೂ ನಾನು ಅವರ ಪೈಕಿ ಆಗಿದ್ದೇನೆ.

ಏಪ್ರಿಲಿನಲ್ಲಿ ಹಬ್ಬಕ್ಕೆಂದು ನಮ್ಮೂರಿಗೆ ಬಂದೆ. ಸಂಜೆ ಗುಡುಗಿತು, ಗಾಳಿ ತಣ್ಣಗಾಯಿತು, ಹೇಳಿದ ಮಾತಿಗೆ ತಪ್ಪದೆ ಮಳೆ ಸುರಿಯಿತು. ಮನೆಯವರೆಲ್ಲ ಜಗಲಿಗೆ ಬಂದು ಸಂಭ್ರಮಪಟ್ಟರು. ನನ್ನ ಕಣ್ಣ ಮುಂದೆ ಮಾತ್ರ ಚಾಚಿಯ ಕಣ. ಫೋನು ಹಚ್ಚಿದೆ.

"ಚಾಚಿ, ತಾಡಪತ್ರಿ ಹಾಕಿದ್ದೀರಾ?"

"ಎದಕ್ರೀ? ಇಲ್ಲಿ ಮೋಡನ ಇಲ್ಲ. ಕಾಯೆಲ್ಲಾ ಮಾರಿ ಆತು, ಕಣ ಖಾಲಿ ಐತಿ. ನೀವು ಯಾವಾಗ ಬರ್ತೀರಿ?"

ಅದೇ ಹೊತ್ತಿಗೆ ಜಗಲಿಯಿಂದ ಅಮ್ಮ ನಾನು ಹೊರಡುವ ದಿನ ಕೇಳಿದಳು: "ನೀ ಯಾವಾಗ್ ಹೋಪ್ದ್ ಹೆಣೆ?"

ಫೋನು ಕಿವಿಗಿಟ್ಟುಕೊಂಡೇ, ಇಬ್ಬರಿಗೂ ಕೇಳುವಂತೆ, ಸೋಮವಾರ ಎಂದೆ.