ಬಲ್ಬಿನ ಕೆಳಗಿನ ಸಂಸಾರ

ಉಪ್ಪಲ್‌ನ ನಮ್ಮ ಕ್ವಾರ್ಟರ್ಸಿನಲ್ಲಿ ನಾವೆಲ್ಲ ಅತ್ತಿಗೆಯಂತೆ ಕಾಣುತ್ತಿದ್ದ ಎದುರು ಮನೆಯ ವೈನಿ ಸೆರಗನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದರು, ಯಾವ ಗಳಿಗೆಯಲ್ಲಿ ಯಾವ ಕೆಲಸ ಬಂದೀತೋ ಎನ್ನುವಂತೆ. ಒಂದು ಚಳಿಗಾಲ ಅವರ ಹೇಂಟೆಯನ್ನು ಬೆಕ್ಕು ಹೊತ್ತೊಯ್ದಿತು. ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಗಳು ತಾಯಿಯಿಲ್ಲದೆ ಉಳಿದವು.

"ಒಂದೂ ಬದುಕಂಗಿಲ್ಲ, ನೋಡ್ತಿರು," ಎಂದರು ಅವರ ಯಜಮಾನರು.

ವೈನಿ ಮರದ ಪೆಟ್ಟಿಗೆಯಲ್ಲಿ ಭತ್ತದ ಹೊಟ್ಟು ಹಾಸಿದರು. ಕಾವಿಗೆಂದು ಒಂದು ಬಲ್ಬು ತಂದು, ಅದು ಕಳಚಿ ಹೊಟ್ಟಿನ ಮೇಲೆ ಬೀಳಬಾರದೆಂದು ಅಡ್ಡಕೋಲಿಗೆ ಸರಪಳಿ ಕಟ್ಟಿ ತೂಗುಬಿಟ್ಟು, ಅದರ ಸುತ್ತ ತಂತಿಯ ಜಾಲರಿ ಮುಚ್ಚಿದರು. ಎಷ್ಟು ಎತ್ತರವೆಂದು ಕೇಳಿದರೆ ಒಂದೇ ಉತ್ತರ: "ಬಲ್ಬ್ ನೋಡಬ್ಯಾಡ್ರಿ, ಮರಿ ನೋಡ್ರಿ." ಮರಿಗಳು ಒತ್ತೊತ್ತಾಗಿ ಕೂತರೆ ಚಳಿಯೆಂದು ಸರಪಳಿ ಇಳಿಸುತ್ತಿದ್ದರು, ಮೂಲೆಗೆ ಓಡಿದರೆ ಸೆಕೆಯೆಂದು ಏರಿಸುತ್ತಿದ್ದರು.

ಒಂದು ಸಂಜೆ ಅವರ ಅತ್ತೆ ಕನಿಕರದಿಂದ ತಮ್ಮ ಕೌದಿಯನ್ನೇ ಪೆಟ್ಟಿಗೆಗೆ ಹೊದಿಸಿಬಿಟ್ಟರು. ವೈನಿ ಓಡಿಬಂದು ಎಳೆದಾಗ ಕೌದಿ ಕಾದುಹೋಗಿತ್ತು. ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಇನ್ನೇನು ಜಗಳವೆಂದುಕೊಂಡೆ. ವೈನಿ ಕೌದಿಯನ್ನು ಅತ್ತೆಯ ಹೆಗಲಿಗೇ ಹೊದಿಸಿ, "ಇದು ನಿಮಗ ಇರಲ್ರಿ ಅತ್ತಿ, ಅವಕ್ಕ ಗಾಳಿನೂ ಬೇಕು," ಎಂದು ಸರಪಳಿ ಏರಿಸಿ ನೀರಿಟ್ಟರು. ತುಸು ಹೊತ್ತಿಗೆ ಮರಿಗಳು ಚೆಲ್ಲಿದ ಜೋಳದಂತೆ ಪೆಟ್ಟಿಗೆ ತುಂಬ ಹರಡಿಕೊಂಡವು.

ರೆಕ್ಕೆ ಬಲಿತ ಮೇಲೆ ಒಂದು ಬೆಳಿಗ್ಗೆ ವೈನಿ ಮುಂದೆ, ಒಂದೂ ತಪ್ಪದೆ ಮರಿಗಳೆಲ್ಲ ಹಿಂದೆ, ಅಂಗಳ ದಾಟುತ್ತಿದ್ದರು. ಡ್ಯೂಟಿಗೆ ಹೊರಟ ಯಜಮಾನರ ಸ್ಕೂಟರಿಗೆ ದಾರಿಯೇ ಇಲ್ಲ.

"ಜಲ್ದಿ ನಡಿ, ಟೈಮ್ ನೋಡು!"

ವೈನಿ ತಿರುಗಿಯೂ ನೋಡಲಿಲ್ಲ. "ಟೈಮ್ ಏನ್ ನೋಡ್ತೀರಿ, ಮರಿ ನೋಡ್ರಿ!"