ಉಪ್ಪು ಕೈ

ಕೊಳೆತ ಮೊಟ್ಟೆಯ ನಾತ ಬಂದರೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಒಮ್ಮೆ ಜೋರಾಗಿ ಉಸಿರೆಳೆದುಕೊಳ್ಳುತ್ತೇನೆ. ಕಲ್ಲೂರಿನ ನಮ್ಮ ಮನೆಯ ಜಗಲಿಯಲ್ಲಿ ಅಪ್ಪ ಕೋವಿಯ ನಳಿಗೆ ತೊಳೆಯುವಾಗ ಬರುತ್ತಿದ್ದುದು ಅದೇ ನಾತ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿ ಅದು. ಗದ್ದೆಗೆ ಹಂದಿ ಇಳಿದಾಗ ಬೆದರಿಸಲು ಅಪ್ಪ ಒಂದು ಈಡು ಹೊಡೆಯುತ್ತಿದ್ದರು. ಬೆಳಗಾಗುತ್ತಲೇ ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ ಕುದಿನೀರು ಹೊಯ್ದರೆ, ಬುಡದ ಸಣ್ಣ ತೂತಿನಿಂದ ಕರಿನೀರು ಇಳಿಯುತ್ತಿತ್ತು. ತೊಳೆಯದೆ ಬಿಟ್ಟರೆ ಮದ್ದಿನ ಮಸಿ ಮಳೆಗಾಲದಲ್ಲಿ ಒಂದೇ ದಿನಕ್ಕೆ ಕಬ್ಬಿಣ ತಿನ್ನುತ್ತದೆ. ನೀರು ಕುದಿಯುತ್ತಲೇ ಇರಬೇಕು, ಆಗ ಆ ಬಿಸಿಗೆ ನಳಿಗೆ ತಾನೇ ಒಣಗುತ್ತದೆ. ಆಮೇಲೆ ಸಲಾಕೆಗೆ ಅಮ್ಮನ ಹಳೆಯ ಮುಂಡಿನ ಚೂರು ಸುತ್ತಿ, ಬಟ್ಟೆ ಬೆಳ್ಳಗೇ ಹೊರಬರುವವರೆಗೆ ಉಜ್ಜಬೇಕು. ಕೊನೆಗೆ ಒಳಗೆ ಎಣ್ಣೆ, ಹೊರಗೆ ಎಳ್ಳೆಣ್ಣೆಯಲ್ಲಿ ಕರಗಿಸಿದ ಜೇನುಮೇಣ. ಇಷ್ಟೆಲ್ಲ ಬಾಯಿಪಾಠ ಬರುತ್ತಿದ್ದ ನಾನು ಆ ನಳಿಗೆಯನ್ನು ಮುಟ್ಟುವಂತಿರಲಿಲ್ಲ.

ನನ್ನದು ಉಪ್ಪು ಕೈ. ಅಂಗೈ ಸದಾ ಬೆವರುತ್ತಿತ್ತು. ನಾನು ಹಿಡಿದ ಕತ್ತಿಯ ಮೇಲೆ ಮರುದಿನ ಕೆಂಪು ಚುಕ್ಕೆ ಏಳುತ್ತಿತ್ತು. ಅಪ್ಪ ಬೈಯಲಿಲ್ಲ. "ನಿನ್ನ ಕೈ ತಾಗಿದ್ರೆ ತುರುಂಬು ಹಿಡೀತದೆ ಮೋಳೆ" ಎಂದರು, ಅಷ್ಟೇ. ತುಕ್ಕಿಗೂ ಮಗಳಿಗೂ ನಮ್ಮ ಮನೆಯಲ್ಲಿ ಮಲಯಾಳದ ಮಾತೇ ಬಾಯಿಗೆ ಬರುತ್ತಿತ್ತು. ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಚಂದ್ರಿಯ ಕೈ ಹಪ್ಪಳದ ಹಾಗೆ ಒಣ. ಅವಳು ಅಪ್ಪನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಮೇಣ ಹಚ್ಚುವಾಗ, ಅಪ್ಪ ಅವಳೊಬ್ಬಳಿಗೇ ಕೇಳುವಂತೆ ಕಾಡಿನ ಸುದ್ದಿ ಹೇಳುತ್ತಿದ್ದರು. ನಾನು ಒಲೆಯಿಂದ ಜಗಲಿಗೆ ನೀರು ಹೊರುವ ಆಳು. ಅಪ್ಪನ ಸುದ್ದಿಯ ಆನೆ ಕೆರೆಗೆ ಇಳಿದದ್ದು ಕೇಳಿಸುತ್ತಿತ್ತು, ಮೇಲೆ ಬಂದದ್ದು ಕೇಳಿಸುತ್ತಿರಲಿಲ್ಲ. ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ನಾನು ಪಟ್ಟೆ. ಹೊಟ್ಟೆ ತುಂಬ ಪಟ್ಟೆ. ಅಪ್ಪನ ಮುದ್ದಿನ ತಂಗಿಯೊಬ್ಬಳು ನಿಮಗೂ ಇದ್ದರೆ ಇದನ್ನು ವಿವರಿಸಬೇಕಾಗಿಲ್ಲ.

ಒಂದು ವರ್ಷ ಕರ್ಕಾಟಕ ತಿಂಗಳ ಮಳೆಯಲ್ಲಿ ಅಪ್ಪ ಬತ್ತೇರಿ ಪೇಟೆಗೆ ಹೋಗಿದ್ದರು. ಚಂದ್ರಿ ಆಗಷ್ಟೇ ಒರೆಸಿಟ್ಟ ಕೋವಿ ಗೋಡೆಯ ಗೂಟಗಳ ಮೇಲಿತ್ತು. ಲಂಗದ ಅಂಚಿನಿಂದ ಒಂದು ಗೇಣು ಮೇಣ ಒರೆಸಿ ತೆಗೆದು, ನಳಿಗೆಯನ್ನು ಬಿಗಿಯಾಗಿ ಹಿಡಿದು ನಿಂತೆ. ಒಳಗೆ ಗಂಜಿ ಉಕ್ಕಿ ಅಮ್ಮ ಕೂಗುವವರೆಗೂ ಬಿಡಲಿಲ್ಲ. ನಾಲ್ಕು ದಿನ ಕಳೆಯುವುದರೊಳಗೆ ನಳಿಗೆಯ ಮೇಲೆ ನಾಲ್ಕು ಬೆರಳು, ಒಂದು ಹೆಬ್ಬೆರಳು ಕೆಂಪಗೆ ಎದ್ದಿದ್ದವು. ಅಪ್ಪ ಚಂದ್ರಿಯನ್ನು ಕರೆದರು. ಅವಳು ಗುರುತಿನ ಮೇಲೆ ತನ್ನ ಕೈ ಇಟ್ಟು ನೋಡಿದಳು. ಅವಳ ಬೆರಳು ಗಿಡ್ಡ, ಗುರುತು ಉದ್ದ. ನನ್ನ ಕಡೆ ತಿರುಗಲೂ ಇಲ್ಲ, ತಾನೇ ಒರೆಸಲು ಮರೆತೆ ಎಂದಳು. ಅಪ್ಪ ನನ್ನನ್ನೊಮ್ಮೆ ನೋಡಿ ಹೂಂ ಎಂದರು. ಮುಂದಿನ ಸಲ ಕರೆದದ್ದೂ ಅವಳನ್ನೇ. ನನ್ನನ್ನು ಉಳಿಸಿದಳಲ್ಲ ಎಂದು ಅವಳ ಮೇಲಿನ ಕಿಚ್ಚು ಇನ್ನಷ್ಟು ಹೆಚ್ಚಿತು.

ಅಪ್ಪ ತೀರಿಕೊಂಡ ಮೇಲೆ, ಲೈಸೆನ್ಸ್ ಅವರ ಹೆಸರಿನಲ್ಲಿದ್ದುದರಿಂದ, ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕಾಯಿತು. ಹಿಂದಿನ ದಿನ ಚಂದ್ರಿ ಗಂಡನ ಮನೆ ಪಯ್ಯಂಪಳ್ಳಿಯಿಂದ ಬಂದಳು. ಅಪ್ಪನ ಕೋವಿಯನ್ನು ಕೊಳಕಾಗಿ ಕೊಡಬಾರದೆಂದು ಇಬ್ಬರೂ ಜಗಲಿಯಲ್ಲಿ ಕೂತೆವು. ನೀರು ಕಾಯಿಸಿದ್ದು ಆಗಲೂ ನಾನೇ. ನನ್ನ ಬೆರಳುಗಳು ಕಂದು ಬಣ್ಣಕ್ಕೆ ತಿರುಗಿ ನಳಿಗೆಯ ಮೇಲೆ ಹಾಗೆಯೇ ಇದ್ದವು. ನಾಚಿಕೆಯಾಯಿತು. ಮರಳು ಕಾಗದ ತರಲೇ ಎಂದು ಕೇಳಿದೆ.

"ಅದನ್ನ ಉಜ್ಜೋದು ಬೇಡ ಅಕ್ಕ. ಅಪ್ಪ ಒಮ್ಮೆನೂ ಉಜ್ಜೋಕೆ ಬಿಡ್ಲಿಲ್ಲ. ಅದು ದೊಡ್ಡವಳ ಕೈ, ಎಣ್ಣೆ ಮಾತ್ರ ಹಚ್ಚು ಅಂತಿದ್ರು."

ಚಂದ್ರಿ ಗುರುತಿನ ಸುತ್ತ ಬಟ್ಟೆ ಆಡಿಸಿದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು:

"ಮದುವೆ ಆಗೋ ತನಕ ಒರೆಸಿದ್ದು ನಾನು. ನನ್ನ ಕೈ ಎಲ್ಲುಂಟು ಇದ್ರಲ್ಲಿ?"

ಅವಳು ಮೇಣದ ಬಟ್ಟೆಯನ್ನು ನನ್ನ ಕಡೆ ಚಾಚಿದಳು. ಜೀವಮಾನದಲ್ಲಿ ಮೊದಲ ಸಲ ಆ ನಳಿಗೆಗೆ ಮೇಣ ಹಚ್ಚಿದೆ.

ಆ ಜಗಲಿ ಈಗಿಲ್ಲ, ಮನೆಯನ್ನೇ ಕೆಡವಿದ್ದಾಯಿತು. ಕೋವಿ ಸ್ಟೇಷನ್ನಿನ ಯಾವುದೋ ಮೂಲೆಯಲ್ಲಿರಬೇಕು. ಅಲ್ಲಿ ಅದಕ್ಕಾಗಿ ನೀರು ಕಾಯಿಸುವವರು ಯಾರಿದ್ದಾರೆ? ಎಷ್ಟೋ ಮಳೆಗಾಲ ಹೋದವು. ಇಷ್ಟರಲ್ಲಿ ನಳಿಗೆಗೆ ಪೂರ್ತಿ ತುರುಂಬು ಹಿಡಿದಿರುತ್ತದೆ, ನನ್ನ ಐದು ಬೆರಳೂ ಅದರಲ್ಲಿ ಸೇರಿಹೋಗಿರುತ್ತವೆ. ಈಗ ನಾವಿಬ್ಬರೂ ಸಮ, ಚಂದ್ರಿ.