ಹೇಳಿದ್ದನ್ನೇ ಮಾಡುವ ಓದುಗನಿಗಾಗಿ

ಬೀದಿದೀಪಗಳು ಇನ್ನೂ ಆರಿಲ್ಲ. ಅಡುಗೆಮನೆಯ ಮೇಜಿನ ಅರ್ಧದಲ್ಲಿ ತರಕಾರಿ ಬುಟ್ಟಿ, ಇನ್ನರ್ಧದಲ್ಲಿ ಲ್ಯಾಪ್‌ಟಾಪ್. ಆಕೆ ಬೇಕೆಂದೇ ಚಹಾ ಚೆಲ್ಲಿ ಒಣಗಿಸಿದ ಹಾಳೆಯೊಂದನ್ನು ಸ್ಕ್ಯಾನ್ ಮಾಡಿ, ನೂರಾರು ಒಳ್ಳೆಯ ಹಾಳೆಗಳ ನಡುವೆ ಸೇರಿಸಿ ಯಂತ್ರಕ್ಕೆ ಉಣಿಸುತ್ತಾರೆ. ಕಣ್ಣು ಕೀಲಿಸಿ ಪರದೆ ನೋಡುತ್ತಾರೆ. "ಕೆಟ್ಟ ಕಾಗದ ಹಾಕಿ ನೋಡ್ದೆ ಒಂದು ಸಾಲೂ ಬರೆಯಲ್ಲ ಈಗ. ಒಂದ್ಸಲ ಬೆಂಕಿ ಮುಟ್ಟಿ ಆಗಿದೆ," ಎಂದು ಇವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಈಕೆ ಕೈಪಿಡಿ ಬರೆಯುವಾಕೆ. ಮೊದಲು ಇಸ್ತ್ರಿಪೆಟ್ಟಿಗೆ, ನೀರಿನ ಪಂಪು, ಬಟ್ಟೆ ಒಗೆಯುವ ಯಂತ್ರಗಳ ಡಬ್ಬಿಯೊಳಗೆ ಮಡಚಿಟ್ಟ ಪುಸ್ತಿಕೆಗಳನ್ನು ಬರೆಯುತ್ತಿದ್ದರು. ಪಕ್ಕದಲ್ಲಿ ಬೀನ್ಸ್ ಸೋಸುತ್ತಿರುವ ಅತ್ತೆಯ ತಮಾಷೆ ಕೇಳಿ: "ನಮ್ಮ ಸೊಸೆ ಬರೆದ ಪುಸ್ತಕ ಮನೆಮನೇಲೂ ಇದೆ ಕಣಪ್ಪ. ಒಬ್ಬರೂ ಬಿಚ್ಚಿ ನೋಡಿಲ್ಲ!"

ಈಗಿನ ಕೆಲಸ ಬೇರೆ. ಹಳೆಯ ಕಡತಗಳನ್ನು ರಾಶಿಗಟ್ಟಲೆ ಒಟ್ಟಿಗೇ ಓದಿ, ಅಕ್ಷರ, ಅಂಕಿ, ಕೋಷ್ಟಕಗಳನ್ನು ಹೆಕ್ಕಿಕೊಡುವ ಸಾಫ್ಟ್‌ವೇರ್ ಒಂದಿದೆ. ಅದನ್ನು ನಡೆಸುವುದು ಮನುಷ್ಯರಲ್ಲ, ಎಐ ಏಜೆಂಟ್‌ಗಳು. ಒಂದು ಕೆಲಸ ಒಪ್ಪಿಸಿದರೆ ತಾವೇ ಹೆಜ್ಜೆ ಹೆಜ್ಜೆಯಾಗಿ ಮಾಡಿ ಮುಗಿಸುವ ಗಣಕ ಸಹಾಯಕರು. ಹೇಗೆ ನಡೆಸಬೇಕೆಂದು ಅವು ತಿಳಿಯುವುದು ಈಕೆ ಬರೆದ ಕೈಪಿಡಿ ಓದಿ.

ಕಳೆದ ವರ್ಷ ಆಸ್ಪತ್ರೆಯೊಂದು ತನ್ನ ಹಳೆಯ ರೋಗಿಗಳ ಕಡತಗಳನ್ನೆಲ್ಲ ಹೀಗೆ ಕಂಪ್ಯೂಟರಿಗೆ ಸೇರಿಸಿತು. ಏಜೆಂಟ್ "ಎಲ್ಲ ಮುಗಿಯಿತು" ಎಂದು ವರದಿ ಕೊಟ್ಟಿತು. ಎಲ್ಲರಿಗೂ ಖುಷಿ. ಕೆಲವೇ ವಾರಗಳಲ್ಲಿ ವೃದ್ಧರೊಬ್ಬರು ಜ್ವರವೆಂದು ದಾಖಲಾದರು. ಪರದೆಯಲ್ಲಿದ್ದ ಅವರ ಕಡತದಲ್ಲಿ ಯಾವ ಎಚ್ಚರಿಕೆಯೂ ಇರಲಿಲ್ಲ. ಔಷಧಿ ಸಿರಿಂಜಿಗೆ ಏರಿಸಿಯೂ ಆಗಿತ್ತು.

ತಡೆದದ್ದು ವಾರ್ಡಿನ ಹಿರಿಯ ನರ್ಸ್. "ಮುಖ ನೋಡಿದ್ ಕೂಡ್ಲೇ ಗುರುತು ಸಿಕ್ತು. ಹಿಂದೆ ಇದೇ ಔಷಧಿಗೆ ಈ ತಾತ ಊದ್ಕೊಂಡು, ಉಸಿರು ಕಟ್ಟಿ, ನಮ್ಮ ಕೈಯಲ್ಲೇ ಹೋಗ್ಬಿಡ್ತಿದ್ರು. 'ನಿಲ್ಸಿ' ಅಂತ ಕಿರುಚಿದೆ," ಎಂದು ಆಸ್ಪತ್ರೆಯಲ್ಲಿ ಸಿಕ್ಕಾಗ ಅವರು ನನಗೆ ಹೇಳಿದ್ದರು. ಹಳೆಯ ಕಾಗದದ ಕಡತದಲ್ಲಿ ವೈದ್ಯರು ಕೈಯಾರೆ ಬರೆದ ಎಚ್ಚರಿಕೆ ಇತ್ತು. ಕಂಪ್ಯೂಟರಿಗೆ ಆ ಪುಟವೇ ಬಂದಿರಲಿಲ್ಲ.

ಏಕೆಂದು ಕೆದಕಿದಾಗ ಏಜೆಂಟಿನ ಉತ್ತರ ಒಂದೇ ಸಾಲು: ಕೈಪಿಡಿಯ ಸೂಚನೆಯಂತೆ ಬಿಡಲಾಗಿದೆ.

"ಓದಲಾಗದ ಪುಟಗಳನ್ನು ಬಿಟ್ಟು ಮುಂದುವರಿಯಬಹುದು." ಬರೆದದ್ದು ಈಕೆಯೇ. ಮನುಷ್ಯರಾಗಿದ್ದರೆ ಸದ್ಯಕ್ಕೆ ಬಿಟ್ಟು ಆಮೇಲೆ ನೋಡೋಣ ಎಂದುಕೊಳ್ಳುತ್ತಿದ್ದರು. ಏಜೆಂಟ್ ಬಿಟ್ಟೇಬಿಟ್ಟಿತು. ಯಾರಿಗೂ ಹೇಳಲೂ ಇಲ್ಲ. ಹೇಳು ಎಂದು ಯಾರೂ ಬರೆದಿರಲಿಲ್ಲವಲ್ಲ!

"ಫೋನ್ ಬಂದಾಗ ಒಲೆ ಮುಂದೆ ನಿಂತಿದ್ದೆ. ಒಲೆ ಆರಿಸಿ ಕೈಪಿಡಿ ತೆಗೆದು ಆ ಸಾಲು ನೋಡ್ದೆ. ಇಷ್ಟು ವರ್ಷ ನಾನು ಬರೆದಿದ್ದನ್ನ ಯಾರೂ ಓದ್ಲಿಲ್ಲ. ಕೊನೆಗೂ ಒಬ್ಬ ಓದುಗ ಸಿಕ್ಕ ನೋಡಿ, ಅಕ್ಷರ ಅಕ್ಷರ ಪಾಲಿಸಿಬಿಟ್ಟ," ಎನ್ನುತ್ತಾರೆ.

ವಾಕ್ಯ ತಿದ್ದಿದರೆ ಸಾಕು ಎಂದರು ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್. ಈಕೆ ಒಪ್ಪಲಿಲ್ಲ. "ತಿದ್ದಿದ್ರೆ ಮುಂದಿನವರಿಗಾಯ್ತು. ಆಗ್ಲೇ ಬಿಟ್ಟುಹೋಗಿರೋ ಪುಟಗಳ ಗತಿ ಏನು ಸಾರ್?" ರಜೆ ಹಾಕಿ ಆಸ್ಪತ್ರೆಯ ಕಡತದ ಕೋಣೆಗೆ ಹೋದರು. ಪಾಳಿ ಮುಗಿದ ಮೇಲೆ ನರ್ಸ್ ಕೂಡ ಬಂದು ಜೊತೆಗೆ ಕೂರುತ್ತಿದ್ದರು. ಕಟ್ಟು ಬಿಚ್ಚಿ ಇಬ್ಬರೂ ಒಂದೊಂದೇ ಪುಟವನ್ನು ಪರದೆಯ ಕಡತದೊಂದಿಗೆ ತಾಳೆ ನೋಡಿದರು. ಅಚ್ಚಾದ ಪುಟಗಳೆಲ್ಲ ಸುಖವಾಗಿ ಒಳಗೆ ಹೋಗಿದ್ದವು. ಹೊರಗುಳಿದದ್ದು ಕೈಬರಹದವು. ಅಂದರೆ ಯಾರೋ ವೈದ್ಯರು ಇದು ಮುಖ್ಯ ಎಂದು ಪೆನ್ನು ತೆಗೆದು ಬರೆದವೇ! ಕೊನೆಯ ಪುಟ ಕಂಪ್ಯೂಟರಿಗೆ ಸೇರುವವರೆಗೂ ಈಕೆ ಆ ಕೋಣೆ ಬಿಡಲಿಲ್ಲ.

ಕೈಪಿಡಿಯನ್ನೂ ಬುಡದಿಂದ ಮತ್ತೆ ಬರೆದರು. 'ಸಾಮಾನ್ಯವಾಗಿ', 'ಸಾಧ್ಯವಾದರೆ', 'ಬೇಕೆನಿಸಿದರೆ' ಎಂಬ ಮಾತುಗಳಿಗೆ ಅಲ್ಲೀಗ ಜಾಗವಿಲ್ಲ. ಆ ಹಳೆಯ ವಾಕ್ಯವಿದ್ದಲ್ಲಿ ಈಗ ಹೀಗಿದೆ: "ಪುಟ ಓದಲಾಗದಿದ್ದರೆ ನಿಲ್ಲು. ಯಾವ ಪುಟ ಎಂದು ಹೇಳು. ಒಬ್ಬ ಮನುಷ್ಯ ಬಂದು ನೋಡುವವರೆಗೆ 'ಮುಗಿಯಿತು' ಎನ್ನಬೇಡ."

ನಾನು ಹೊರಡುವ ಹೊತ್ತಿಗೆ ಫೋನ್ ರಿಂಗಾಗುತ್ತದೆ. ಅದೇ ನರ್ಸ್; ಅವರ ಆಸ್ಪತ್ರೆಗೆ ಬರುವ ಹೊಸ ಕಡತಗಳನ್ನು ಈಗಲೂ ಏಜೆಂಟೇ ಓದುತ್ತದೆ. ಸಿಟ್ಟಿನ ದನಿ ನನಗೂ ಕೇಳುತ್ತದೆ: "ಏನ್ರೀ ನಿಮ್ಮ ಏಜೆಂಟು! ಈ ಪುಟ ಓದೋಕಾಗ್ತಿಲ್ಲ, ಬನ್ನಿ ಬನ್ನಿ ಅಂತ ಪಾಳಿ ಪೂರ್ತಿ ಕರೀತಾನೇ ಇತ್ತು. ಓಡಾಡಿ ನನ್ನ ಕಾಲು ಬಿದ್ದೋಯ್ತು!"

ಫೋನ್ ಇಟ್ಟ ಆಕೆಯ ಮುಖದಲ್ಲಿ ಅಷ್ಟು ಹೊತ್ತು ಕಾಣದ ನಗು.

"ಕರೀಲಿ ಬಿಡಿ. ಗೊತ್ತಾಗ್ದೆ ಇದ್ರೆ ಕೇಳೋಕೆ ನಾಚ್ಕೋಬೇಡ ಅಂತ ಅದಕ್ಕೆ ಕಲಿಸಿದ್ದು ನಾನೇ."